ಏಳನೆಯವನ ಬಗ್ಗೆ ಬರೆಯಿರಿ

ನಮಸ್ಕಾರ.

16–17ನೇ ಶತಮಾನದ ಯಹೂದಿ ಖಗೋಳ ವಿದ್ವಾಂಸರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹನ್ನೆರಡು ಜನ, ತಲಾ ನಾಲ್ಕು ಸಾಲು. ಹುಟ್ಟಿದ, ಬರೆದ, ಸತ್ತ. ಮದುವೆಮನೆಯಲ್ಲಿ ಯಾರೋ ನೆಂಟರನ್ನೆಲ್ಲ ಒಂದೇ ಉಸಿರಿಗೆ ಪರಿಚಯ ಮಾಡಿಸಿದ ಹಾಗಿದೆ. ಊಟಕ್ಕೆ ಕೂರುವಷ್ಟರಲ್ಲಿ ಒಂದು ಹೆಸರೂ ನೆನಪಿರಲ್ಲ.

ಏಳನೆಯವನ ಹತ್ತಿರ ಮಾತ್ರ ನಾನು ನಿಂತೆ. ದಾವಿದ್ ಗಾನ್ಸ್ (1541–1613). 1600ರಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಪ್ರಾಗ್ ಹತ್ತಿರದ ಬೆನಾಟ್ಕಿ ಕೋಟೆಯಲ್ಲಿ ಕೂತು ಆಕಾಶ ಅಳೆಯುತ್ತಿದ್ದಾಗ, ಈತ ಅಲ್ಲಿಗೆ ಮೂರು ಸಲ ಹೋದ. ಪ್ರತಿ ಸಲ ಐದು ದಿನ ಇದ್ದ. ಕಂಡದ್ದನ್ನು ಹೀಬ್ರೂನಲ್ಲಿ ಬರೆದಿಟ್ಟ. ಇಂಥದ್ದನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಲ್ಲ!

ಆ ಒಂದು ವಾಕ್ಯವೂ ತಪ್ಪು. ‘ಟೈಕೋನ ದೂರದರ್ಶಕದಲ್ಲಿ ಇಣುಕಿದ’ ಎಂದಿದ್ದೀರಿ. 1600ರಲ್ಲಿ ದೂರದರ್ಶಕ ಎಲ್ಲಿತ್ತು? ಅದರ ಸುದ್ದಿ ಹಬ್ಬಿದ್ದೇ 1608ರಲ್ಲಿ. ಟೈಕೋ 1601ಕ್ಕೇ ತೀರಿಕೊಂಡಿದ್ದ. ಅವನ ಹತ್ತಿರ ಇದ್ದದ್ದು ಕೋನ ಅಳೆಯುವ ದೊಡ್ಡ ದೊಡ್ಡ ಸಾಧನಗಳು, ಮತ್ತೆ ಬರಿಗಣ್ಣು. ಗೆಲಿಲಿಯೋನ ದೂರದರ್ಶಕದಲ್ಲಿ ನೋಡಿದವನು ನಿಮ್ಮ ಒಂಬತ್ತನೆಯವ, ಪಡುವಾದಲ್ಲಿ ಓದಿದ ಕ್ರೀಟ್ ದ್ವೀಪದ ದೆಲ್ಮೆದಿಗೋ. ಇಬ್ಬರನ್ನೂ ಕಲಸಿಬಿಟ್ಟಿದ್ದೀರಿ.

‘ಮಹಾನ್ ಪ್ರತಿಭೆ’, ‘ಧರ್ಮಗುರುಗಳು ತುಳಿದರು’ ಅನ್ನೋದನ್ನೂ ತೆಗೆಯಿರಿ. ಗಾನ್ಸ್ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಕೊಪರ್ನಿಕಸ್‌ನನ್ನು ಮೆಚ್ಚಿದ, ಆದರೆ ಅವನ ಹಾಗೆ ಭೂಮಿಯನ್ನು ಸೂರ್ಯನ ಸುತ್ತ ತಿರುಗಿಸಲಿಲ್ಲ. ಇನ್ನು ತುಳಿಯುವ ಮಾತು. ಕ್ರಾಕೋವ್‌ನಲ್ಲಿ ಅವನಿಗೆ ಪಾಠ ಹೇಳಿದ ಮೋಸೆಸ್ ಇಸ್ಸರ್ಲೆಸ್ ಆ ಕಾಲದ ಬಹಳ ದೊಡ್ಡ ರಬ್ಬಿ, ಅಂದರೆ ಯಹೂದಿ ಧರ್ಮಗುರು. ಗ್ರಹಗತಿಯ ಪುಸ್ತಕವೊಂದಕ್ಕೆ ಅವರೇ ವ್ಯಾಖ್ಯಾನ ಬರೆದಿದ್ದರು. ಶಿಷ್ಯನಿಗೆ ಆ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನು?

ಪ್ರತಿಭೆ ಅಲ್ಲದಿದ್ದರೆ ಮತ್ತೆ ಯಾಕೆ ಬರೆಯಬೇಕು ಅಂತೀರಾ? ಟೈಕೋ ಆಕಾಶ ಅಳೆಯುವಾಗ ಅವನು ಅಲ್ಲಿ ಇದ್ದ, ಅದಕ್ಕೆ. ಸುಮ್ನೆ ನೋಡುತ್ತಲೂ ಕೂರಲಿಲ್ಲ. ಸ್ಪೇನಿನ ರಾಜ ಅಲ್ಫೊನ್ಸೊನ ಹೆಸರಿನ ಹಳೆಯ ಗ್ರಹ ಕೋಷ್ಟಕಗಳ ಹೀಬ್ರೂ ಆವೃತ್ತಿಯಿಂದ ಕೆಲವು ಭಾಗಗಳನ್ನು ಟೈಕೋಗಾಗಿ ಜರ್ಮನ್‌ಗೆ ತಂದುಕೊಟ್ಟ. 13ನೇ ಶತಮಾನದಲ್ಲಿ ಆ ಕೋಷ್ಟಕಗಳ ಕೆಲಸ ಮಾಡಿದವರೂ ಯಹೂದಿ ಪಂಡಿತರೇ. ನಿಮ್ಮ ಲೇಖನ ಇರುವುದು ಇಲ್ಲಿ. ಉಳಿದ ಹನ್ನೊಂದು ಜನ ಸದ್ಯಕ್ಕೆ ಕಾಯಲಿ. ಗಾನ್ಸ್‌ನ ಖಗೋಳ ಪುಸ್ತಕ ಪೂರ್ತಿ ಅಚ್ಚಾಗಲು 1743ರವರೆಗೆ ಕಾಯಲಿಲ್ವಾ?

800 ಪದ ಸಾಕು, ಜಾಸ್ತಿ ಬೇಡ. ಕೋಟೆಯ ಬಾಗಿಲಿನಿಂದಲೇ ಶುರು ಮಾಡಿ. ಪ್ರಾಗ್‌ನ ಹಳೆಯ ಯಹೂದಿ ಸ್ಮಶಾನದಲ್ಲಿ ಅವನ ಸಮಾಧಿ ಕಲ್ಲಿನ ಮೇಲೆ ಒಂದು ಹೆಬ್ಬಾತು ಕೆತ್ತಿದೆ, ಅದನ್ನು ಬಿಡಬೇಡಿ. ಜರ್ಮನ್‌ನಲ್ಲಿ ಗಾನ್ಸ್ ಅಂದರೆ ಹೆಬ್ಬಾತು.