ಮೊಳದೆತ್ತರವೂ ಇಲ್ಲದ ಬೇಟೆನಾಯಿ: ಜ್ಯಾಕ್ ರಸಲ್ ಟೆರಿಯರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಮಗಳ ಒತ್ತಾಯಕ್ಕೆ ಮಣಿದು ಒಂದು ಚಿಕ್ಕ ನಾಯಿಯನ್ನು ಹುಡುಕುತ್ತಿದ್ದೇವೆ. ಕೆಲವರು ಜ್ಯಾಕ್ ರಸಲ್ ಟೆರಿಯರ್ ಒಳ್ಳೆಯದು ಎನ್ನುತ್ತಾರೆ. ಈ ತಳಿ ಎಲ್ಲಿಯದು, ಮನುಷ್ಯರ ಹೆಸರು ಇದಕ್ಕೆ ಬಂದದ್ದು ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ಈ ತಳಿಯ ತವರು ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿರುವ ಡೆವನ್ ಪ್ರಾಂತ್ಯ, ಹೆಸರು ಅಲ್ಲಿನ ಒಬ್ಬ ಪಾದ್ರಿಯದು. 1795ರಲ್ಲಿ ಡಾರ್ಟ್‌ಮತ್ ಊರಿನಲ್ಲಿ ಹುಟ್ಟಿದ ಜಾನ್ ರಸಲ್ ಅವರನ್ನು ಜನ ಕರೆಯುತ್ತಿದ್ದುದು ಜ್ಯಾಕ್ ಎಂದು. ದೇವರ ಸೇವೆಗಿಂತ ನರಿಬೇಟೆಯ ಮೇಲೆಯೇ ಅವರಿಗೆ ಒಂದು ಗುಲಗಂಜಿ ಹೆಚ್ಚು ಒಲವಿತ್ತೆಂದು ಕಾಣುತ್ತದೆ. ಅವರ ಮೇಲಧಿಕಾರಿಯಾಗಿದ್ದ ಎಕ್ಸೆಟರ್‌ನ ಬಿಷಪ್ ಹೆನ್ರಿ ಫಿಲ್ಪಾಟ್ಸ್ ಅವರಿಗೆ ಈ ಹವ್ಯಾಸ ಹಿಡಿಸಿರಲಿಲ್ಲ, ಆದರೆ ರಸಲ್ ಅದನ್ನು ಮುಪ್ಪಿನವರೆಗೂ ಬಿಡಲಿಲ್ಲ.

1819ರಲ್ಲಿ, ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನಲ್ಲಿ ಓದುತ್ತಿದ್ದಾಗ, ಸಮೀಪದ ಹಳ್ಳಿಯ ಕಡೆ ಹೋಗಿದ್ದ ಅವರಿಗೆ ಹಾಲು ಮಾರುವವನೊಬ್ಬನ ಜೊತೆಗಿದ್ದ ಹೆಣ್ಣುನಾಯಿಯೊಂದು ಕಣ್ಣಿಗೆ ಬಿತ್ತು. ಅದನ್ನು ಕೊಳ್ಳದೆ ಅವರು ಅಲ್ಲಿಂದ ಕದಲಲಿಲ್ಲವಂತೆ. ಟ್ರಂಪ್ ಎಂಬ ಹೆಸರಿನ ಆ ನಾಯಿಯ ಮೈ ಬಿಳಿ. ಎರಡೂ ಕಣ್ಣು ಮತ್ತು ಕಿವಿಗಳ ಮೇಲೆ ಕಡುಗಂದು ಮಚ್ಚೆ, ಬಾಲದ ಬುಡದಲ್ಲಿ ಪೆನ್ನಿ ನಾಣ್ಯದಷ್ಟು ಅಗಲದ ಅದೇ ಬಣ್ಣದ ಇನ್ನೊಂದು ಮಚ್ಚೆ. ಒತ್ತಾದ, ತುಸು ಒರಟಾದ ಕೂದಲು, ನೆಟ್ಟನೆಯ ಕಾಲು, ಬೆಳೆದ ಹೆಣ್ಣು ನರಿಯಷ್ಟೇ ಗಾತ್ರ. ಮುಂದೆ ಬ್ರಿಟಿಷ್ ಯುವರಾಜರು, ಅಂದರೆ ನಂತರ ಏಳನೆಯ ಎಡ್ವರ್ಡ್ ಆದವರು, ಟ್ರಂಪ್‌ನ ಚಿತ್ರವನ್ನು ಸ್ಯಾಂಡ್ರಿಂಗ್‌ಹ್ಯಾಮಿನ ತಮ್ಮ ಅರಮನೆಯಲ್ಲಿ ಇರಿಸಿಕೊಂಡಿದ್ದರು. ರಸಲ್ ಸಾಕಿದ ಟೆರಿಯರ್‌ಗಳ ಪೀಳಿಗೆಗೆ ಮೂಲತಾಯಿ ಎಂದು ಪರಿಗಣಿಸುವುದು ಇದನ್ನೇ. 1830ರ ದಶಕದ ಆರಂಭದಿಂದ ಅವರು ಸ್ವಿಂಬ್ರಿಡ್ಜ್ ಎಂಬ ಹಳ್ಳಿಯ ಚರ್ಚಿನಲ್ಲಿ ದಶಕಗಳ ಕಾಲ ಪಾದ್ರಿಯಾಗಿದ್ದರು. 1883ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದೂ ಅಲ್ಲೇ.

ಆ ಕಾಲದ ಬೇಟೆಯ ಕ್ರಮ ಗೊತ್ತಾದರೆ ಈ ನಾಯಿಯ ಮುಕ್ಕಾಲು ಪಾಲು ಗುಣ ತಾನಾಗಿಯೇ ಅರ್ಥವಾಗುತ್ತದೆ. ಕುದುರೆಯೇರಿದ ಬೇಟೆಗಾರರು ಹೌಂಡ್ ನಾಯಿಗಳ ಹಿಂಡನ್ನು ಬಿಟ್ಟು ನರಿಯನ್ನು ಅಟ್ಟಿಸುತ್ತಿದ್ದರು. ಓಡಿ ದಣಿದ ನರಿ ಬಿಲ ಸೇರಿಕೊಂಡರೆ ದೊಡ್ಡ ಹೌಂಡ್‌ಗಳು ಹೊರಗೇ ನಿಲ್ಲಬೇಕಾಗುತ್ತಿತ್ತು. ಆಗ ಟೆರಿಯರನ್ನು ಒಳಗೆ ಬಿಡುತ್ತಿದ್ದರು. ಅದು ಕತ್ತಲ ಸುರಂಗದಲ್ಲಿ ನರಿಗೆ ಮುಖಾಮುಖಿಯಾಗಿ ಬೊಗಳಿ, ಕೆಣಕಿ, ಅದನ್ನು ಹೊರಕ್ಕೆ ಓಡಿಸಬೇಕು. ಕೊಲ್ಲಬಾರದು, ಕೊಂದರೆ ಅಂದಿನ ಬೇಟೆ ಅಲ್ಲಿಗೇ ಮುಗಿಯಿತು. ಹೆದರಿ ಹಿಂದೆ ಸರಿಯುವ ನಾಯಿಯೂ ಬೇಡ, ಮೇಲೆ ಬಿದ್ದು ಕಚ್ಚಿ ಸಾಯಿಸುವ ನಾಯಿಯೂ ಬೇಡ ಎಂಬ ಈ ಎರಡು ಅಂಚಿನ ನಡುವೆ ರಸಲ್ ತಲೆಮಾರಿನಿಂದ ತಲೆಮಾರಿಗೆ ಆಯ್ಕೆ ಮಾಡುತ್ತ ಹೋದರು. ಬಿಳಿ ಬಣ್ಣಕ್ಕೂ ಇದೇ ಕಾರಣ: ಕೆಂಗಂದು ಬಣ್ಣದ ನಾಯಿ ಬಿಲದಿಂದ ಹೊರಬಂದರೆ ಹೌಂಡ್‌ಗಳು ಅದನ್ನೇ ನರಿಯೆಂದು ತಿಳಿದು ಹರಿದು ಹಾಕುವ ಅಪಾಯವಿತ್ತು.

ಇಂಥ ಬೇಟೆ ಈಗ ಅಲ್ಲಿ ಕಾನೂನುಬಾಹಿರ. ಬ್ರಿಟಿಷ್ ಸಂಸತ್ತು 2004ರಲ್ಲಿ ಮಾಡಿದ ಕಾಯ್ದೆ 2005ರ ಫೆಬ್ರವರಿಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಗೆ ಬಂದಿದೆ. ಬಿಲಕ್ಕೆ ಟೆರಿಯರ್ ಬಿಡುವುದಕ್ಕೂ ಕೆಲವು ಬಿಗಿಯಾದ ವಿನಾಯಿತಿಗಳನ್ನು ಬಿಟ್ಟರೆ ಅವಕಾಶವಿಲ್ಲ. ಆದರೆ ಕಾಯ್ದೆ ಬಂದಿತೆಂದು ನಾಯಿಯ ರಕ್ತದಲ್ಲಿರುವುದು ಹೋಗಲಿಲ್ಲ.

ಪ್ರಶ್ನೆ: ಪಾರ್ಸನ್ ರಸಲ್, ಜ್ಯಾಕ್ ರಸಲ್ ಎಂದು ಎರಡು ಹೆಸರುಗಳನ್ನು ಕೇಳುತ್ತೇವೆ. ಇವು ಒಂದೇ ತಳಿಯೋ ಬೇರೆಯೋ? ಮರಿ ಕೊಳ್ಳುವಾಗ ಗುರುತಿಸುವುದು ಹೇಗೆ? (ಮೈಸೂರಿನ ಓದುಗರು)

ಉತ್ತರ: ಮೂಲ ಒಂದೇ, ಈಗ ದಾಖಲೆಗಳಲ್ಲಿ ಎರಡು. ಕುದುರೆಗಳ ಹಿಂದೆ ಓಡಬೇಕಾದ ನಾಯಿಗೆ ಕಾಲು ಉದ್ದವಿರಬೇಕು. ಕಾಲ್ನಡಿಗೆಯಲ್ಲಿ ಹೋಗಿ ಇಲಿ, ಬ್ಯಾಜರ್ ಮುಂತಾದ ಬಿಲವಾಸಿಗಳನ್ನು ಹಿಡಿಯುವವರಿಗೆ ಗಿಡ್ಡ ನಾಯಿಯೇ ಸಾಕು. ರಸಲ್ ತೀರಿಕೊಂಡ ಮೇಲೆ ಆರ್ಥರ್ ಹೈನೆಮನ್ ಎಂಬವರು ಡೆವನ್ನಿನಲ್ಲಿ ಈ ಟೆರಿಯರ್‌ಗಳನ್ನು ಮುಂದುವರಿಸಿ, ಅವುಗಳ ಲಕ್ಷಣಗಳನ್ನು ಮೊದಲ ಬಾರಿಗೆ ಬರೆದಿಟ್ಟರು. ಎರಡನೆಯ ಮಹಾಯುದ್ಧದ ನಂತರ ಬೇಟೆಯ ಕೆಲಸ ಕಡಿಮೆಯಾಗಿ, ಮನೆಗಳಲ್ಲಿ ಸಾಕುವವರು ಹೆಚ್ಚಾದಾಗ, ಕಾರ್ಗಿ, ಚಿವಾವಾ ಮುಂತಾದ ನಾಯಿಗಳ ಜೊತೆ ಬೆರಕೆಯಾಗಿ ತೀರ ಗಿಡ್ಡ ಕಾಲಿನವೂ ಬಂದವು. ಹೀಗಾಗಿ ಬಹುಕಾಲ ಜ್ಯಾಕ್ ರಸಲ್ ಎಂದರೆ ಒಂದು ತಳಿ ಎನ್ನುವುದಕ್ಕಿಂತ ಒಂದು ಬಗೆಯ ನಾಯಿ ಎಂದೇ ಅರ್ಥವಿತ್ತು.

ಇದರಲ್ಲೊಂದು ವಿಚಿತ್ರವಿದೆ. ನಾಯಿ ತಳಿಗಳನ್ನು ದಾಖಲಿಸಿ ಮಾನ್ಯತೆ ಕೊಡುವ, 1873ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಕೆನಲ್ ಕ್ಲಬ್ಬಿನ ಆರಂಭದ ಸದಸ್ಯರಲ್ಲಿ ರಸಲ್ ಕೂಡ ಒಬ್ಬರು. ಆದರೂ ಅವರ ಹೆಸರಿನ ನಾಯಿಗೆ ಆ ಕ್ಲಬ್ಬು ಮಾನ್ಯತೆ ಕೊಟ್ಟದ್ದು 1990ರಲ್ಲಿ, ಅದೂ ಉದ್ದ ಕಾಲಿನದಕ್ಕೆ ಮಾತ್ರ. ಅದೇ ಈಗಿನ ಪಾರ್ಸನ್ ರಸಲ್. ಗಿಡ್ಡ ಕಾಲಿನ ಜ್ಯಾಕ್ ರಸಲ್‌ಗೆ ಆಸ್ಟ್ರೇಲಿಯಾದಲ್ಲಿ 1991ರಲ್ಲೇ ಮನ್ನಣೆ ಸಿಕ್ಕಿತು. ತವರಿನ ಕೆನಲ್ ಕ್ಲಬ್ಬು ಒಪ್ಪಿಕೊಂಡದ್ದು 2016ರ ಜನವರಿಯಲ್ಲಿ. ಈ ವಿಳಂಬಕ್ಕೆ ಕ್ಲಬ್ಬೊಂದನ್ನೇ ದೂರುವಂತಿಲ್ಲ. ಪ್ರದರ್ಶನದ ಕಣಕ್ಕೆ ಇಳಿದರೆ ನಾಯಿಯ ಅಂದ ಉಳಿದು ಕಸುಬು ಹೋಗುತ್ತದೆ ಎಂದು ಮಾನ್ಯತೆಯನ್ನೇ ವಿರೋಧಿಸಿದ ಸಾಕಣೆದಾರರೂ ಬ್ರಿಟನ್ ಮತ್ತು ಅಮೆರಿಕದಲ್ಲಿದ್ದಾರೆ. ಅವರ ವಾದದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ.

ಗುರುತಿನ ವಿಷಯಕ್ಕೆ ಬಂದರೆ, ಪಾರ್ಸನ್ ರಸಲ್ ಭುಜದ ಬಳಿ ಸುಮಾರು 33ರಿಂದ 36 ಸೆಂಟಿಮೀಟರ್ ಎತ್ತರವಿದ್ದು, ಕಾಲು ಉದ್ದವಾಗಿ ಮೈ ಚೌಕವಾಗಿ ಕಾಣುತ್ತದೆ. ಜ್ಯಾಕ್ ರಸಲ್‌ನ ಎತ್ತರ 25ರಿಂದ 30 ಸೆಂಟಿಮೀಟರ್. ಮೈಯ ಉದ್ದ ಎತ್ತರಕ್ಕಿಂತ ತುಸು ಹೆಚ್ಚು. ಪ್ರತಿ 5 ಸೆಂಟಿಮೀಟರ್ ಎತ್ತರಕ್ಕೆ ಒಂದು ಕಿಲೋ ತೂಕ ಎಂಬುದು ಲೆಕ್ಕ, ಅಂದರೆ ಐದಾರು ಕಿಲೋ. ಮೈಯ ಬಹುಭಾಗ ಬಿಳಿ, ಅಲ್ಲಲ್ಲಿ ಕಪ್ಪು ಅಥವಾ ಕಂದು ಮಚ್ಚೆ. ಕೂದಲು ನುಣುಪಾಗಿರಬಹುದು, ಒರಟಾಗಿರಬಹುದು, ಎರಡರ ನಡುವಿನದೂ ಆಗಿರಬಹುದು. ಕಿವಿಯ ತುದಿ ಮುಂದಕ್ಕೆ ಮಡಿಚಿಕೊಂಡಿರುತ್ತದೆ. ನೆಟ್ಟಗೆ ನಿಂತ ಕಿವಿ ದೋಷವೆಂದೇ ಲೆಕ್ಕ.

ಎಲ್ಲಕ್ಕಿಂತ ಮುಖ್ಯವಾದದ್ದು ಎದೆ. ಬೆಳೆದ ನಾಯಿಯ ಹಿಂದೆ ನಿಂತು, ಮುಂಗಾಲುಗಳು ನೆಲ ಬಿಡುವಂತೆ ಎತ್ತಿ, ಭುಜದ ಹಿಂಭಾಗದಲ್ಲಿ ಎದೆಯನ್ನು ಎರಡೂ ಕೈಗಳಿಂದ ಸುತ್ತಿ ಹಿಡಿದರೆ, ಮೇಲೆ ಬೆನ್ನೆಲುಬಿನ ಮೇಲೆ ಹೆಬ್ಬೆರಳುಗಳೂ ಕೆಳಗೆ ಉಳಿದ ಬೆರಳುಗಳೂ ಒಂದಕ್ಕೊಂದು ಮುಟ್ಟಬೇಕು. ಪ್ರದರ್ಶನಗಳಲ್ಲಿ ತೀರ್ಪುಗಾರರು ಮಾಡುವುದು ಇದನ್ನೇ. ಹಿಡಿದು ಮೆಲ್ಲಗೆ ಅದುಮಿ, ಎದೆಗೂಡು ಬಳುಕುತ್ತದೆಯೇ ಎಂದೂ ನೋಡುತ್ತಾರೆ. ನರಿ ನುಸುಳಿದಲ್ಲಿ ನುಸುಳಲಾಗದ ನಾಯಿ ಎಷ್ಟು ಚಂದವಿದ್ದರೂ ಆ ಕೆಲಸಕ್ಕೆ ಒದಗುವುದಿಲ್ಲವಲ್ಲ. ಕೈಗೆ ಸಿಗದಷ್ಟು ದಪ್ಪ ಎದೆಯಿದ್ದರೆ ಒಂದೋ ನಾಯಿ ಬೊಜ್ಜಾಗಿದೆ, ಇಲ್ಲವೇ ಬೆರಕೆಯಿದೆ.

ಕೊಳ್ಳುವಾಗ ಕಾನೂನನ್ನೂ ನೆನಪಿಡಿ. ನಾಯಿ ಸಂವರ್ಧನೆ ಮತ್ತು ಮಾರಾಟ ಕುರಿತ 2017ರ ಕೇಂದ್ರ ನಿಯಮಗಳ ಪ್ರಕಾರ, ಸಾಕಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿನಾಯಿಯನ್ನು ತೋರಿಸಲು ಹಿಂದೇಟು ಹಾಕುವವರಿಂದ ಮರಿ ಕೊಳ್ಳಬೇಡಿ.

ಪ್ರಶ್ನೆ: ಇಷ್ಟು ಚಿಕ್ಕ ನಾಯಿ ಫ್ಲ್ಯಾಟಿಗೆ ಹೇಳಿ ಮಾಡಿಸಿದಂತಿದೆ. ನಾವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವರು. ತೊಂದರೆಯಾದೀತೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಆದೀತು. ನಿಮ್ಮ ದಿನಚರಿ ಬದಲಾಗದಿದ್ದರೆ ಈ ತಳಿ ಬೇಡ ಎಂದೇ ಸಲಹೆ ನೀಡುತ್ತೇನೆ. ಗಾತ್ರ ಚಿಕ್ಕದು ಎಂಬುದನ್ನು ನೋಡಿ ಮಡಿಲಲ್ಲಿ ಮಲಗುವ ನಾಯಿ ಎಂದುಕೊಂಡು ತಂದವರೇ ಕೆಲವು ತಿಂಗಳ ನಂತರ ಅದನ್ನು ಯಾರಿಗೆ ಕೊಡುವುದೆಂದು ಹುಡುಕುತ್ತಿರುತ್ತಾರೆ.

ಬೊಗಳುವುದು, ಅಗೆಯುವುದು, ಹಟ ಹಿಡಿಯುವುದು ಎಂದು ಮಾಲೀಕರು ದೂರುವ ಮೂರೂ ಗುಣಗಳು ಒಂದು ಕಾಲದಲ್ಲಿ ಈ ನಾಯಿಯ ಅರ್ಹತೆಗಳಾಗಿದ್ದವು. ನೆಲದಡಿ ಹೋದ ನಾಯಿ ಎಲ್ಲಿದೆಯೆಂದು ಮೇಲಿದ್ದವರಿಗೆ ಗೊತ್ತಾಗುತ್ತಿದ್ದುದು ಅದರ ಬೊಗಳಿನಿಂದ ಮಾತ್ರ. ದಾರಿ ಕಟ್ಟಿದರೆ ಅದು ಮಣ್ಣು ಕೆರೆದು ಮುಂದೆ ಹೋಗಬೇಕಿತ್ತು. ಯಜಮಾನ ಕಾಣದ, ಆಜ್ಞೆ ಕೇಳದ ಕತ್ತಲಲ್ಲಿ ಏನು ಮಾಡಬೇಕೆಂದು ತಾನೇ ತೀರ್ಮಾನಿಸಬೇಕಿತ್ತು. ಹಾಗೆ ಇನ್ನೂರು ವರ್ಷ ಪಳಗಿದ ಜೀವವನ್ನು ಮೂರನೆಯ ಮಹಡಿಯಲ್ಲಿ ಹತ್ತು ಗಂಟೆ ಕೂಡಿಹಾಕಿದರೆ ಅದು ಸೋಫಾದ ಬುಡವನ್ನು ಅಗೆಯದೆ ಇನ್ನೇನು ಮಾಡೀತು?

ಮನೆಯಲ್ಲಿ ಯಾರಾದರೂ ಇದ್ದು, ಬೆಳಿಗ್ಗೆ ಮತ್ತು ಸಂಜೆ ಬಿಸಿಲಿಲ್ಲದ ಹೊತ್ತಿನಲ್ಲಿ ಚೆನ್ನಾಗಿ ಓಡಾಡಿಸಲು ಸಾಧ್ಯವಿದ್ದರೆ ಮಾತು ಬೇರೆ. ಆಗ ಇದರಷ್ಟು ಚುರುಕಾದ, ಕಲಿತದ್ದನ್ನು ಮರೆಯದ, ಮನೆಯವರಿಗೆ ಅಂಟಿಕೊಳ್ಳುವ ಒಡನಾಡಿ ಸಿಗುವುದು ಕಷ್ಟ. ದೇಹದಷ್ಟೇ ಬುದ್ಧಿಗೂ ಕೆಲಸ ಕೊಡಬೇಕು. ಊಟವನ್ನು ತಟ್ಟೆಯಲ್ಲಿ ಹಾಕುವ ಬದಲು ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಸುತ್ತಿಟ್ಟರೆ, ಮೂಗಿನಿಂದ ಹುಡುಕಿ ತಿನ್ನುವ ಆ ಕಾಲು ಗಂಟೆ ಅದಕ್ಕೆ ಒಂದು ಸುತ್ತು ನಡಿಗೆಗಿಂತ ಹೆಚ್ಚು ತೃಪ್ತಿ ಕೊಡುತ್ತದೆ. ಬೀದಿಯಲ್ಲಿ ಬೆಕ್ಕೋ ಅಳಿಲೋ ಕಂಡರೆ ಕರೆದದ್ದು ಕಿವಿಗೆ ಬೀಳುವುದಿಲ್ಲ, ಆದ್ದರಿಂದ ಹಗ್ಗವಿಲ್ಲದೆ ಬಿಡಬೇಡಿ. ಬಾಲ್ಕನಿಯ ಸರಳುಗಳ ನಡುವಿನ ಅಂತರವನ್ನೂ ಒಮ್ಮೆ ಅಳೆಯಿರಿ. ಎದೆಯ ಬಗ್ಗೆ ಮೇಲೆ ಹೇಳಿದ್ದು ಇಲ್ಲಿಯೂ ಅನ್ವಯಿಸುತ್ತದೆ. ಬಾಲ ಎಳೆಯುವ, ಮೇಲೆ ಬೀಳುವ ಪುಟ್ಟ ಮಕ್ಕಳನ್ನು ಈ ನಾಯಿ ಬಹಳ ಹೊತ್ತು ಸಹಿಸುವುದಿಲ್ಲ.

ಪ್ರಶ್ನೆ: ಕಾಫಿ ತೋಟದ ಮನೆಯಲ್ಲಿ ಹೆಗ್ಗಣಗಳ ಕಾಟ ವಿಪರೀತ. ಈ ನಾಯಿ ಸಾಕಿದರೆ ಹತೋಟಿಗೆ ಬರಬಹುದೇ? (ಸಕಲೇಶಪುರದ ಓದುಗರು)

ಉತ್ತರ: ಹೆಗ್ಗಣಗಳಿಗೆ ಖಂಡಿತ ಕೆಟ್ಟ ದಿನಗಳು ಬರುತ್ತವೆ. ಆದರೆ ಡೆವನ್ನಿನ ಬಿಲಕ್ಕೂ ಮಲೆನಾಡಿನ ಬಿಲಕ್ಕೂ ಬಹಳ ವ್ಯತ್ಯಾಸವಿದೆ. ಅಲ್ಲಿ ಒಳಗಿದ್ದುದು ನರಿ. ಇಲ್ಲಿ ನಾಗರಹಾವು ಇರಬಹುದು, ಕೊಳಕುಮಂಡಲ ಇರಬಹುದು, ಮುಳ್ಳುಹಂದಿಯೂ ಇರಬಹುದು. ಹಿಂದೆ ಸರಿಯದಿರುವುದೇ ಈ ನಾಯಿಯ ಸ್ವಭಾವವಾದ್ದರಿಂದ ಹಾವು ಕಂಡಾಗ ದೂರ ನಿಂತು ಬೊಗಳಿ ಸುಮ್ಮನಾಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. (ಕೊಳಕುಮಂಡಲದ ಇಂಗ್ಲಿಷ್ ಹೆಸರಿನಲ್ಲೂ ಒಬ್ಬ ರಸಲ್ ಇದ್ದಾರೆ, ಆದರೆ ಅವರು ಹದಿನೆಂಟನೆಯ ಶತಮಾನದಲ್ಲಿ ಭಾರತದ ಹಾವುಗಳನ್ನು ಅಧ್ಯಯನ ಮಾಡಿದ ವೈದ್ಯ ಪ್ಯಾಟ್ರಿಕ್ ರಸಲ್, ಪಾದ್ರಿಗೂ ಅವರಿಗೂ ಸಂಬಂಧ ಕಲ್ಪಿಸಬೇಡಿ.) ನಾಯಿಯನ್ನು ತೋಟದಲ್ಲಿ ಒಂಟಿಯಾಗಿ ಅಲೆಯಲು ಬಿಡದೆ, ಮನೆ, ಕಣ, ಉಗ್ರಾಣಗಳ ಸುತ್ತ ನಿಮ್ಮ ಕಣ್ಣಳತೆಯಲ್ಲಿ ಇರಿಸಿಕೊಳ್ಳಿ. ಹಾವಿನ ವಿಷಕ್ಕೆ ಚುಚ್ಚುಮದ್ದು ಸಿಗುವ ಪಶು ಆಸ್ಪತ್ರೆ ಎಲ್ಲಿದೆಯೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಇನ್ನೆರಡು ಎಚ್ಚರಿಕೆಗಳಿವೆ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನುಷ್ಯರಿಗೂ ಹರಡಬಹುದು. ಅದಕ್ಕೆ ವರ್ಷ ವರ್ಷವೂ ಲಸಿಕೆ ಹಾಕಿಸಬೇಕು. ಹಾಗೆಯೇ, ನಾಯಿಯನ್ನು ಇಲಿ ಹಿಡಿಯಲು ಬಿಟ್ಟ ಜಾಗದಲ್ಲಿ ಇಲಿಪಾಷಾಣ ಇಡಬಾರದು, ಏಕೆಂದರೆ ವಿಷ ತಿಂದ ಹೆಗ್ಗಣವನ್ನು ತಿಂದ ನಾಯಿಗೂ ಆ ವಿಷ ಏರುತ್ತದೆ. ಉಣ್ಣಿಜ್ವರದ ಹಾವಳಿ ನಿಮಗೆ ಹೇಳಿಕೊಡಬೇಕಾದ್ದೇನಲ್ಲ. ಪೊದೆಯಿಂದ ಪೊದೆಗೆ ನುಗ್ಗುವ ನಾಯಿಯ ಕಿವಿಯ ಮಡಿಕೆ, ಬೆರಳ ಸಂದುಗಳನ್ನು ಪ್ರತಿ ಸಂಜೆ ನೋಡುವುದು ಒಳ್ಳೆಯದು.

ಪ್ರಶ್ನೆ: ನಮ್ಮ ತಾತನ ಕಾಲದ ಎಚ್‌ಎಂವಿ ಗ್ರಾಮಫೋನ್ ಪ್ಲೇಟುಗಳ ಮೇಲಿರುವ ನಾಯಿ ಜ್ಯಾಕ್ ರಸಲ್ ಎನ್ನುತ್ತಾರೆ. ನಿಜವೇ? (ಧಾರವಾಡದ ಓದುಗರು)

ಉತ್ತರ: ಅರ್ಧ ನಿಜ ಎನ್ನಬಹುದು. ನಮ್ಮ ಹಿರಿಯರು ರಂಗಗೀತೆಗಳನ್ನು ಕೇಳುತ್ತಿದ್ದ ಆ ಪ್ಲೇಟುಗಳ ಮೇಲೆ ಸುತ್ತುತ್ತಿದ್ದ ನಾಯಿಯ ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿ 1895ರಲ್ಲಿ ಸತ್ತ ನಿಪ್ಪರ್, ಮನೆಗೆ ಬಂದವರ ಕಾಲಿಗೆ ಬಾಯಿ ಹಾಕುತ್ತಿದ್ದುದರಿಂದ ಆ ಹೆಸರು ಪಡೆಯಿತು. ಯಜಮಾನ ಮಾರ್ಕ್ ಬರೋ ತೀರಿಕೊಂಡ ಮೇಲೆ ಅವರ ಸಹೋದರ, ಚಿತ್ರಕಾರ ಫ್ರಾನ್ಸಿಸ್ ಬರೋ ಅವರ ಆಶ್ರಯದಲ್ಲಿತ್ತು. ಅದು ಸತ್ತ ಬಳಿಕ ಫ್ರಾನ್ಸಿಸ್ ಬಿಡಿಸಿದ ಮೂಲ ಚಿತ್ರದಲ್ಲಿ ನಾಯಿಯ ಎದುರು ಇದ್ದದ್ದು ಎಡಿಸನ್ ಮಾದರಿಯ ಉರುಳೆಯ ಫೋನೋಗ್ರಾಫ್. ಗ್ರಾಮಫೋನ್ ಕಂಪನಿ ತನ್ನ ಯಂತ್ರವನ್ನು ಬಿಡಿಸಿಕೊಟ್ಟರೆ ಕೊಳ್ಳುತ್ತೇನೆಂದಿತು. ಅವರು ಹಳೆಯದರ ಮೇಲೆಯೇ ಬಣ್ಣ ಬಳಿದು ಹೊಸ ಯಂತ್ರ ಬಿಡಿಸಿ, 1899ರಲ್ಲಿ ಹಕ್ಕುಗಳೂ ಸೇರಿ 100 ಪೌಂಡಿಗೆ ಮಾರಿದರು. ನಿಪ್ಪರ್‌ನ ಮೈಕಟ್ಟು ಜ್ಯಾಕ್ ರಸಲ್ ಬಗೆಯ ನಾಯಿಯನ್ನು ಹೋಲುತ್ತದೆ, ಆದರೆ ಅದನ್ನು ಬುಲ್ ಟೆರಿಯರ್ ರಕ್ತವಿದ್ದ ಬೆರಕೆ ಎಂದೇ ವರ್ಣಿಸಿದವರಿದ್ದಾರೆ. ಆಗಿನ್ನೂ ಜ್ಯಾಕ್ ರಸಲ್ ಎಂಬ ದಾಖಲಿತ ತಳಿಯೇ ಇರಲಿಲ್ಲವಾದ್ದರಿಂದ ಶುದ್ಧವೋ ಅಲ್ಲವೋ ಎಂಬ ಚರ್ಚೆಗೆ ಹೆಚ್ಚು ಬೆಲೆಯಿಲ್ಲ.

ಕೀರ್ತಿಗಾಗಿ ಬೇರೊಂದು ಹೆಸರು ಬೇಕಿದ್ದರೆ ಬೋಥಿ ಇದೆ. ಬ್ರಿಟಿಷ್ ಸಾಹಸಯಾತ್ರಿ ರಾನಲ್ಫ್ ಫೈನ್ಸ್ ಅವರ ನೇತೃತ್ವದಲ್ಲಿ 1979ರಿಂದ 1982ರವರೆಗೆ ನಡೆದ ಭೂಪ್ರದಕ್ಷಿಣೆಯ ತಂಡದ ಜೊತೆ ಎರಡೂ ಧ್ರುವಗಳನ್ನು ಕಂಡ ಜ್ಯಾಕ್ ರಸಲ್ ಅದು. ಅಂಟಾರ್ಕ್ಟಿಕಾಕ್ಕೆ ನಾಯಿ ಒಯ್ಯುವುದನ್ನು 1994ರಿಂದ ನಿಷೇಧಿಸಿರುವುದರಿಂದ ಈ ದಾಖಲೆಯನ್ನು ಇನ್ನೊಂದು ನಾಯಿ ಸರಿಗಟ್ಟುವ ಸಂಭವವಿಲ್ಲ.

ಪ್ರಶ್ನೆ: ಆಯುಸ್ಸೆಷ್ಟು? ಬರುವ ಕಾಯಿಲೆಗಳು ಯಾವುವು? (ಶಿವಮೊಗ್ಗದ ಓದುಗರು)

ಉತ್ತರ: ತಳಿ ಗಟ್ಟಿ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ ತಜ್ಞರು 2022ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಲ್ಲಿ, ಹುಟ್ಟಿದಾಗಿನ ನಿರೀಕ್ಷಿತ ಆಯುಸ್ಸು ಎಲ್ಲಕ್ಕಿಂತ ಹೆಚ್ಚಿದ್ದುದು ಜ್ಯಾಕ್ ರಸಲ್‌ಗೆ, 12.7 ವರ್ಷ. ಅದೇ ಪಟ್ಟಿಯ ಕೊನೆಯಲ್ಲಿದ್ದ ಫ್ರೆಂಚ್ ಬುಲ್‌ಡಾಗ್‌ಗೆ ಕೇವಲ ನಾಲ್ಕೂವರೆ ವರ್ಷ. ಇದು ಸರಾಸರಿಯಾದ್ದರಿಂದ, ಚೆನ್ನಾಗಿ ಸಾಕಿದ ನಾಯಿ ಹದಿನಾಲ್ಕು ಹದಿನೈದು ವರ್ಷ ಬದುಕುವುದು ಅಪರೂಪವೇನಲ್ಲ.

ಆನುವಂಶಿಕ ತೊಂದರೆಗಳಿವೆ. ಬಿಳಿ ಬಣ್ಣ ಹೆಚ್ಚಿರುವ ತಳಿಯಾದ್ದರಿಂದ ಕೆಲವು ಮರಿಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಮರಿ ಬೇರೆಡೆ ನೋಡುತ್ತಿರುವಾಗ ಅದಕ್ಕೆ ಕಾಣದಂತೆ ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಬಹುದು, ಆದರೆ ಒಂದೇ ಕಿವಿಯ ದೋಷ ಹಾಗೆ ಪತ್ತೆಯಾಗದು. ನಡೆಯುವಾಗ ಆಗಾಗ ಒಂದು ಹಿಂಗಾಲನ್ನು ಎತ್ತಿ ಕುಂಟಿ, ಮತ್ತೆ ಏನೂ ಆಗದಂತೆ ಓಡಿದರೆ ಮಂಡಿಚಿಪ್ಪು ಜಾರುತ್ತಿರಬಹುದು. ಎಳೆಯ ವಯಸ್ಸಿನಲ್ಲೇ ನಡಿಗೆ ತೂರಾಡುವ ನರಸಂಬಂಧಿ ಕಾಯಿಲೆಯೊಂದು ಕೆಲವು ವಂಶಗಳಲ್ಲಿದೆ. ತಂದೆತಾಯಿ ನಾಯಿಗಳ ವಂಶವಾಹಿ ಪರೀಕ್ಷೆಯಿಂದ ಅದನ್ನು ತಡೆಯಬಹುದು. ಎಲ್ಲಕ್ಕಿಂತ ತುರ್ತಾದದ್ದು ಕಣ್ಣಿನ ಮಸೂರ ತನ್ನ ಜಾಗದಿಂದ ಕಳಚಿಕೊಳ್ಳುವ ರೋಗ, ಇದು ಹೆಚ್ಚಾಗಿ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಣ್ಣು ಕೆಂಪಾಗಿ, ನೀರು ಸುರಿದು, ಪಾಪೆ ಮಂಜುಮಂಜಾಗಿ ಕಂಡರೆ ನಾಳೆ ನೋಡೋಣ ಎನ್ನದೆ ಅಂದೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ; ಒತ್ತಡ ಏರಿದರೆ ದೃಷ್ಟಿ ಹೋಗಲು ಒಂದೆರಡು ದಿನ ಸಾಕು.