ಜಿಪ್ ಡ್ರೈವ್ ಗೆದ್ದಿದ್ದು ನಿಜ, ಷೇರು ತಗೊಂಡೋರು ಗೆದ್ರಾ?

ಪ್ರಶ್ನೆ: ಸರ್, ಮೂರ್ನಾಲ್ಕು ವರ್ಷದಿಂದ ಷೇರಲ್ಲಿ ದುಡ್ಡು ಹಾಕ್ತಾ ಇದೀನಿ. ಒಂದೇ ವ್ಯಾಪಾರದಲ್ಲಿ ಎರಡು ಕಂಪನಿ ಕಿತ್ತಾಡ್ತಿದ್ರೆ ಯಾರು ಗೆಲ್ತಾರೆ ಅಂತ ಅಂದಾಜು ಮಾಡಿ ಅವರ ಷೇರು ತಗೋತೀನಿ. ನಮ್ಮ ಆಫೀಸಲ್ಲಿ ಹಿರಿಯರೊಬ್ರು "ಮೊದ್ಲು ಐಯೊಮೆಗಾ, ಸೈಕ್ವೆಸ್ಟ್ ಕಥೆ ಓದ್ಕೊಂಡು ಬಾ" ಅಂದ್ರು. ಏನದು ಕಥೆ? ಆಗ ಇನ್ವೆಸ್ಟರ್‌ಗಳು ಏನಂತ ವಾದ ಮಾಡ್ತಿದ್ರು, ಕೊನೆಗೆ ಯಾರ ಮಾತು ಸರಿ ಆಯ್ತು? (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಹಿರಿಯರು ಸರಿಯಾದ ಕೇಸೇ ಹೇಳಿದಾರೆ, ಷೇರಿಗೆ ಹೊಸದಾಗಿ ಬರೋರಿಗೆ ನಾನೂ ಇದನ್ನ ಓದಿ ಅಂತೀನಿ. ಕಂಪ್ಯೂಟರ್ ಫೈಲ್ ತುಂಬಿಸಿ ಒಯ್ಯೋ ಡ್ರೈವ್, ಡಿಸ್ಕ್ ಮಾಡ್ತಿದ್ದ ಎರಡು ಅಮೆರಿಕನ್ ಕಂಪನಿಗಳ ಪೈಪೋಟಿ ಇದು.

1995ರಲ್ಲಿ ಫ್ಲಾಪಿ ಅಂದ್ರೆ 1.44 ಎಂಬಿ. ದೊಡ್ಡ ಫೈಲ್ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ತಗೊಂಡು ಹೋಗ್ಬೇಕಂದ್ರೆ ಪರದಾಟ. ಆ ಕೆಲಸಕ್ಕೆ ಆಗ ಹೆಸರು ಮಾಡಿದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಸೈಕ್ವೆಸ್ಟ್. ಹಾರ್ಡ್‌ಡಿಸ್ಕ್ ಕಂಪನಿ ಸೀಗೇಟ್ ಶುರು ಮಾಡಿದವರಲ್ಲಿ ಒಬ್ಬರಾದ ಸೈಯದ್ ಇಫ್ತಿಕಾರ್ 1982ರಲ್ಲಿ ಕಟ್ಟಿದ ಕಂಪನಿ ಅದು. ಮ್ಯಾಕ್ ಇಟ್ಕೊಂಡು ಪ್ರಿಂಟಿಂಗ್ ಕೆಲಸ ಮಾಡೋರ ಹತ್ರ ಅದರ 44 ಎಂಬಿ, 88 ಎಂಬಿ ಕಾರ್ಟ್ರಿಡ್ಜ್ (ಡ್ರೈವಿಗೆ ಹಾಕಿ ತೆಗೆಯೋ ಡಿಸ್ಕ್) ಇದ್ದೇ ಇರ್ತಿತ್ತು. ಇನ್ನೊಂದು ಕಡೆ ಯೂಟಾ ರಾಜ್ಯದ ರಾಯ್ ಅನ್ನೋ ಸಣ್ಣ ಊರಿನ ಐಯೊಮೆಗಾ, 1980ರದು, ಬರ್ನೂಲಿ ಬಾಕ್ಸ್ ಅನ್ನೋ ಇಂಥದ್ದೇ ಡ್ರೈವ್ ಮಾಡ್ತಿದ್ದ ಕಂಪನಿ, 1993ರಲ್ಲೂ 1994ರಲ್ಲೂ ನಷ್ಟದಲ್ಲಿತ್ತು. 1994ರಲ್ಲಿ ಕಿಮ್ ಎಡ್ವರ್ಡ್ಸ್ ಸಿಇಒ ಆಗಿ ಬಂದ್ರು, ಮುಂದಿನ ವರ್ಷ ಜಿಪ್ ಡ್ರೈವ್ ಅಂಗಡಿಗೆ ಬಂತು. ಡ್ರೈವ್ 199 ಡಾಲರ್ ಚಿಲ್ಲರೆ, 100 ಎಂಬಿ ಡಿಸ್ಕ್ 20 ಡಾಲರ್ ಹತ್ತಿರ. ಒಂದು ಡಿಸ್ಕಲ್ಲಿ ಸುಮಾರು 70 ಫ್ಲಾಪಿಯಷ್ಟು ಜಾಗ! ಜನ ಮುಗಿಬಿದ್ರು.

ಕೆಲವೇ ತಿಂಗಳಲ್ಲಿ ಸೈಕ್ವೆಸ್ಟ್ ಈಝಿ-135 ಬಿಡ್ತು, 135 ಎಂಬಿ, 239 ಡಾಲರ್. ವಾದ ಶುರು ಆಗಿದ್ದೇ ಇಲ್ಲಿಂದ.

ಸೈಕ್ವೆಸ್ಟ್ ಕಡೆಯವರು ಏನಂತಿದ್ರು ಅಂದ್ರೆ, ಜಿಪ್ ಒಳಗಿರೋದು ಫ್ಲಾಪಿ ಥರದ್ದೇ ಮೆತ್ತನೆ ಡಿಸ್ಕ್, ನಮ್ಮದರಲ್ಲಿ ಹಾರ್ಡ್‌ಡಿಸ್ಕಿನಂಥ ಗಟ್ಟಿ ತಟ್ಟೆ, ಸ್ಪೀಡು ಜಾಸ್ತಿ, ಜಾಗ ಜಾಸ್ತಿ, ಮತ್ತೆ ಪ್ರಿಂಟಿಂಗ್‌ನೋರೆಲ್ಲ ಆಗಲೇ ನಮ್ಮ ಗಿರಾಕಿಗಳು ಅಂತ. ಇದರಲ್ಲಿ ಟೆಕ್ನಿಕಲ್ ಮಾತು ಪೂರ್ತಿ ನಿಜ. ಗಿರಾಕಿಗಳ ಮಾತು ಮಾತ್ರ ನಿಲ್ಲಲ್ಲ, ಯಾಕಂದ್ರೆ ಈಝಿ-135 ಸೈಕ್ವೆಸ್ಟಿನ ಹಳೇ ಕಾರ್ಟ್ರಿಡ್ಜ್ ಯಾವ್ದನ್ನೂ ಓದ್ತಿರ್ಲಿಲ್ಲ! ಕಪಾಟು ತುಂಬ 44 ಎಂಬಿ ಕಾರ್ಟ್ರಿಡ್ಜ್ ಇಟ್ಕೊಂಡಿದ್ದ ಪ್ರೆಸ್ಸಿನೋರಿಗೆ ಜಿಪ್ ತಗೊಂಡ್ರೂ ಅಷ್ಟೆ, ಈಝಿ ತಗೊಂಡ್ರೂ ಅಷ್ಟೆ, ಎರಡೂ ಹೊಸದೇ, ಹಾಗಿರೋವಾಗ ಪಕ್ಕದೋರ ಹತ್ರ ಯಾವ್ದಿದೆಯೋ ಅದನ್ನ ತಗೋತಾರೆ ತಾನೇ. ಮುಂದೆ ಸೈಜೆಟ್ ಬಂತು, 1.5 ಜಿಬಿ, ಅದಕ್ಕೂ ಬೇರೆ ಕಾರ್ಟ್ರಿಡ್ಜ್. 1998ರಲ್ಲಿ ಸ್ಪಾರ್ಕ್ ಬಂತು, 1 ಜಿಬಿ, 199 ಡಾಲರ್, ಆ ಬೆಲೆಗೆ ನಿಜವಾಗ್ಲೂ ಚಂದದ ಮಾಲು, ಅದಕ್ಕೂ ಬೇರೆ. ಕೈಯಲ್ಲಿದ್ದ ಗಿರಾಕಿಗಳನ್ನ ತಾವೇ ಮತ್ತೆ ಮತ್ತೆ ಬಿಟ್ಟುಕೊಟ್ರು, ಅದು ನನಗೆ ಇವತ್ತಿಗೂ ಬೇಜಾರು ತರೋ ವಿಷಯ, ಎಂಜಿನಿಯರಿಂಗ್ ಅಷ್ಟು ಗಟ್ಟಿಯಾಗಿತ್ತು.

ಐಯೊಮೆಗಾ ಕಡೆಯವರ ಲೆಕ್ಕ ಬೇರೆ. ಡ್ರೈವಲ್ಲಿ ಲಾಭ ಬರದಿದ್ರೂ ಪರವಾಗಿಲ್ಲ, ಲಾಭ ಇರೋದು ಡಿಸ್ಕಲ್ಲಿ, ಇವತ್ತು ಪ್ರಿಂಟರ್ ಅಗ್ಗಕ್ಕೆ ಕೊಟ್ಟು ಇಂಕಲ್ಲಿ ದುಡ್ಡು ಮಾಡ್ತಾರಲ್ಲ ಹಾಗೆ. ಅದಕ್ಕೇ ಒಂದು ಡ್ರೈವಿಗೆ ಎಷ್ಟು ಡಿಸ್ಕ್ ಹೋಗತ್ತೆ ಅನ್ನೋದು, ಅದನ್ನ ಟೈ ರೇಷಿಯೋ ಅಂತಿದ್ರು, ಅವರ ಬಾಯಲ್ಲಿ ಯಾವಾಗ್ಲೂ ಇರ್ತಿತ್ತು. ಅಮೆರಿಕಾ ಆನ್‌ಲೈನ್‌ನಲ್ಲಿದ್ದ ಮಾಟ್ಲಿ ಫೂಲ್ ಅನ್ನೋ ಹೂಡಿಕೆದಾರರ ಬಳಗದಲ್ಲಿ ಈ ಷೇರಿನ ಚರ್ಚೆ ಎಷ್ಟು ಜೋರಾಗಿತ್ತು ಅಂದ್ರೆ ಯಾರೋ ರಾಯ್ ಊರಿಗೇ ಹೋಗಿ ವೀಕೆಂಡಲ್ಲಿ ಫ್ಯಾಕ್ಟರಿ ಪಾರ್ಕಿಂಗಲ್ಲಿ ಎಷ್ಟು ಕಾರಿದೆ ಅಂತ ಎಣಿಸ್ಕೊಂಡು ಬಂದು ಹೇಳಿದ್ರು, ರಜಾ ದಿನಾನೂ ಶಿಫ್ಟ್ ನಡೀತಿದೆ ಅಂದ್ರೆ ಆರ್ಡರ್ ಇದೆ ಅಂತ ಅರ್ಥ. ಬ್ರೋಕರ್ ರಿಪೋರ್ಟ್ ಕಾಯದೆ ಸಾಮಾನ್ಯ ಜನ ತಾವೇ ಹೋಗಿ ನೋಡಿದ್ದು, ನನಗೆ ಅದರ ಬಗ್ಗೆ ತುಂಬಾ ಗೌರವ ಇದೆ.

ಅವರ ಅಂದಾಜು ಸರಿನೂ ಆಯ್ತು. ಐಯೊಮೆಗಾ ಮಾರಾಟ 1994ರಲ್ಲಿ 14 ಕೋಟಿ ಡಾಲರ್, 1995ರಲ್ಲಿ 32 ಕೋಟಿ, 1996ರಲ್ಲಿ 120 ಕೋಟಿ, 1997ರಲ್ಲಿ 174 ಕೋಟಿ. ಆ ಕಡೆ ಸೈಕ್ವೆಸ್ಟ್ ಈಝಿ ಬೆಲೆ ಇಳಿಸಿ ಇಳಿಸಿ ತಯಾರಿಕೆ ಖರ್ಚೂ ಹುಟ್ಟದ ಸ್ಥಿತಿಗೆ ಬಂತು, 1996ರ ಲೆಕ್ಕದ ವರ್ಷದಲ್ಲಿ 13 ಕೋಟಿ ಡಾಲರಿಗೂ ಮೇಲೆ ನಷ್ಟ. ಇಫ್ತಿಕಾರ್ ಹೊರಗೆ ಹೋದ್ರು. ಆಮೇಲೆ ಕಂಪನಿ ಉಳಿಸೋಕೆ ಕನ್ವರ್ಟಿಬಲ್ ಪ್ರಿಫರ್ಡ್ ಷೇರು ಮಾರಿ ಮಾರಿ ದುಡ್ಡು ತಂದ್ರು, ಅಂದ್ರೆ ದುಡ್ಡು ಕೊಟ್ಟೋರು ಆಮೇಲೆ ಅದನ್ನ ಮಾಮೂಲಿ ಷೇರಾಗಿ ಬದಲಾಯಿಸ್ಕೋಬಹುದು, ಹಾಗೆ ಬದಲಾಯಿಸ್ಕೊಂಡಾಗೆಲ್ಲ ಹಳೇ ಷೇರುದಾರನ ಪಾಲು ಕರಗ್ತಾ ಹೋಗತ್ತೆ. ಹಾಗಾಗಿ "ಸ್ಪಾರ್ಕ್ ಒಂದು ಗೆದ್ರೆ ಸಾಕು, ಷೇರು ಹತ್ತು ಪಟ್ಟು" ಅಂತ ಕಾಯ್ತಾ ಇದ್ದೋರಿಗೆ, ಸ್ಪಾರ್ಕ್ ಗೆದ್ದಿದ್ರೂ ಆ ಹತ್ತು ಪಟ್ಟು ಸಿಗ್ತಿರ್ಲಿಲ್ಲ. ಪ್ರಾಡಕ್ಟ್ ನೋಡಿದ್ರು, ಷೇರಿನ ಸಂಖ್ಯೆ ನೋಡ್ಲಿಲ್ಲ. 1998ರ ನವೆಂಬರಲ್ಲಿ ಸೈಕ್ವೆಸ್ಟ್ ದಿವಾಳಿ ಅರ್ಜಿ ಹಾಕ್ತು. ಮರುವರ್ಷ ಉಳಿದ ಆಸ್ತಿ, ಪೇಟೆಂಟ್ ಎಲ್ಲ ಕೊಂಡಿದ್ದು ಯಾರು ಅಂದ್ರೆ ಐಯೊಮೆಗಾನೇ, ಒಂದು ಕೋಟಿ ಡಾಲರಿಗೂ ಕಮ್ಮಿಗೆ.

ಹಾಗಾದ್ರೆ ಐಯೊಮೆಗಾ ಕಡೆಯವರೇ ಗೆದ್ರು ಅಂತ ನೀವಂದ್ರೆ ನಾನು ಒಪ್ಪಲ್ಲ. 1996ರ ಮೇನಲ್ಲಿ ಷೇರು ಉತ್ತುಂಗದಲ್ಲಿದ್ದಾಗ ಕಂಪನಿಯ ಒಟ್ಟು ಬೆಲೆ 500 ಕೋಟಿ ಡಾಲರ್ ದಾಟಿತ್ತು. ಹಿಂದಿನ ವರ್ಷದ ಲಾಭ ಎಷ್ಟು? 85 ಲಕ್ಷ ಡಾಲರ್. ಭಾಗಿಸಿ ನೋಡಿ, ಸುಮಾರು 600 ಪಟ್ಟು. 1996ರಲ್ಲಿ ಲಾಭ 5.7 ಕೋಟಿಗೆ ಏರಿದ್ರೂ 85 ಪಟ್ಟಿಗಿಂತ ಜಾಸ್ತಿನೇ. ಮುಂದೆ ಮಾರಾಟ, ಲಾಭ ಎರಡೂ ಬೆಳೀತು, ಆದ್ರೆ ಸ್ಪ್ಲಿಟ್ (ಒಂದು ಷೇರನ್ನ ಒಡೆದು ಹಲವು ಮಾಡೋದು) ಎಲ್ಲ ಲೆಕ್ಕ ಹಾಕಿದ್ರೂ ಷೇರು ಆ ಮೇ ತಿಂಗಳ ಬೆಲೆ ಮತ್ತೆ ನೋಡ್ಲೇ ಇಲ್ಲ. ಆಗ ಶಾರ್ಟ್ ಮಾಡಿದೋರು, ಅಂದ್ರೆ ಬೆಲೆ ಬೀಳತ್ತೆ ಅಂತ ಷೇರು ಸಾಲ ತಂದು ಮಾರಿದೋರು, "ಬೆಲೆ ಅತಿಯಾಯ್ತು" ಅಂತಿದ್ದಿದ್ದು ನಿಜಾನೇ, ಆದ್ರೆ ಬೇಗ ಶಾರ್ಟ್ ಮಾಡಿದೋರು ಷೇರು ಇನ್ನೂ ಮೇಲೆ ಹೋಗಿ ಕೈ ಸುಟ್ಕೊಂಡ್ರು. ಜಿಪ್ ಗೆಲ್ಲತ್ತೆ ಅಂತ 1995ರಲ್ಲೇ ತಗೊಂಡೋನಿಗೂ, ಅದನ್ನೇ ನಂಬಿ 1996ರ ಮೇನಲ್ಲಿ ತಗೊಂಡೋನಿಗೂ ಅಭಿಪ್ರಾಯ ಒಂದೇ, ಫಲ ಮಾತ್ರ ಪೂರ್ತಿ ಉಲ್ಟಾ.

ಇನ್ನೊಂದು ವಿಷಯ. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡ್ತಾ ಇದ್ದಾಗ ಪಕ್ಕದಿಂದ ಸಿಡಿ ರೈಟರ್ ಬಂತು. 650 ಎಂಬಿ ಖಾಲಿ ಸಿಡಿ ಒಂದೆರಡು ಡಾಲರಿಗೆ ಸಿಗೋ ಹೊತ್ತಿಗೆ 100 ಎಂಬಿಗೆ ಹತ್ತಾರು ಡಾಲರ್ ಯಾರು ಕೊಡ್ತಾರೆ? ಡೆಲ್, ಆಪಲ್ ಥರದ ಕಂಪನಿಗಳು ಕಂಪ್ಯೂಟರ್ ಒಳಗೇ ಜಿಪ್ ಹಾಕಿ ಕೊಡೋಕೆ ಶುರು ಮಾಡಿದಾಗ ಅದನ್ನ ಜಯ ಅಂದ್ಕೊಂಡ್ರು, ಆದ್ರೆ ತಾನಾಗಿ ಹೋಗಿ ಡ್ರೈವ್ ಕೊಂಡೋನು ತಗೊಳ್ಳೋಷ್ಟು ಡಿಸ್ಕನ್ನ, ಕಂಪ್ಯೂಟರ್ ಜೊತೆ ಸುಮ್ನೆ ಬಂದಿದ್ದೋನು ತಗೊಳ್ಳಲ್ಲ, ಅಲ್ಲಿಗೆ ಟೈ ರೇಷಿಯೋ ಲೆಕ್ಕಕ್ಕೇ ಪೆಟ್ಟು. 1998ರಲ್ಲಿ ಎಡ್ವರ್ಡ್ಸ್ ಬಿಟ್ಟು ಹೋದ್ರು, ಕಂಪನಿ ಮತ್ತೆ ನಷ್ಟಕ್ಕೆ ಬಂತು. 2000ದ ನಂತರ ಪೆನ್‌ಡ್ರೈವ್ ಬಂದು ಉಳಿದಿದ್ದನ್ನೂ ಮುಗಿಸ್ತು. 2008ರಲ್ಲಿ ಇಎಂಸಿ ಅನ್ನೋ ಡೇಟಾ ಸ್ಟೋರೇಜ್ ಕಂಪನಿ ಐಯೊಮೆಗಾನ ಕೊಂಡಿದ್ದು 21 ಕೋಟಿ ಡಾಲರ್ ಚಿಲ್ಲರೆಗೆ.

ಅದಕ್ಕೇ ನಿಮ್ಮ ಪದ್ಧತಿಗೆ ಎರಡು ಪ್ರಶ್ನೆ ಸೇರಿಸ್ಕೊಳ್ಳಿ: ಇವರು ಗೆದ್ರು ಅನ್ನೋ ಲೆಕ್ಕದಲ್ಲಿ ಇವತ್ತಿನ ಬೆಲೆಗೆ ನನಗೆ ಏನು ಉಳಿಯತ್ತೆ, ಮತ್ತೆ ಈ ಇಬ್ಬರನ್ನೂ ಬಿಟ್ಟು ಗಿರಾಕಿ ಇದೇ ಕೆಲಸನ ಬೇರೆ ಹೇಗೆ ಮಾಡ್ಕೋಬಹುದು.

ಪ್ರಶ್ನೆ: ಈಝಿ ಡ್ರೈವೇ ಚೆನ್ನಾಗಿತ್ತು ಅಂತೀರಿ, ಜಿಪ್ಪಲ್ಲಿ ಕ್ಲಿಕ್ ಕ್ಲಿಕ್ ಅಂತ ಸದ್ದು ಬಂದು ಡೇಟಾ ಹೋಗ್ತಿತ್ತು ಅಂತ ಕೇಳಿದೀನಿ. ಅದು ಷೇರಿನೋರಿಗೆ ಗೊತ್ತಿರ್ಲಿಲ್ವಾ? ನನ್ನ ಹತ್ರ ಹಳೇ ಜಿಪ್ ಡಿಸ್ಕ್ ಹತ್ತಿಪ್ಪತ್ತಿದೆ, ಈಗ ಓದಿಸಬಹುದಾ? (ಗದಗದ ಓದುಗರು)

ಉತ್ತರ: ಅದಕ್ಕೆ "ಕ್ಲಿಕ್ ಆಫ್ ಡೆತ್" ಅಂತಿದ್ರು. ಡೇಟಾ ಓದೋ ಹೆಡ್ ಡಿಸ್ಕಿನ ಮೇಲೆ ಜಾಗ ಸಿಗದೆ ಹಿಂದೆ ಮುಂದೆ ಓಡಾಡೋ ಸದ್ದು ಅದು. 1998ರಲ್ಲಿ ಗ್ರಾಹಕರು ಕೋರ್ಟಿಗೆ ಹೋದ್ರು, 2001ರಲ್ಲಿ ರಿಬೇಟ್ ಕೊಟ್ಟು ರಾಜಿ ಆಯ್ತು. ಷೇರಿನ ಚರ್ಚೆಯಲ್ಲಿ ಇಂಥ ದೂರು ಹೇಳೋರನ್ನ ಶಾರ್ಟ್ ಮಾಡಿದೋನೇ ಇರ್ಬೇಕು ಅಂತ ತಳ್ಳಿಹಾಕೋದು ಸುಲಭ, ದುಡ್ಡು ಹಾಕಿರೋನಿಗೆ ಅಂಥ ಮಾತು ಕೇಳೋಕೆ ಮನಸ್ಸು ಬರಲ್ಲ. ನೀವು ಯಾವ ಷೇರು ಹಿಡಿದಿದ್ರೂ ಆ ಕಂಪನಿ ಮಾಲು ಬಳಸೋರ ದೂರನ್ನ ಮೊದ್ಲು ಓದಿ.

ಡಿಸ್ಕ್ ಓದಿಸಬಹುದು, ಯುಎಸ್‌ಬಿ ಜಿಪ್ ಡ್ರೈವ್ ಸೆಕೆಂಡ್ ಹ್ಯಾಂಡ್ ಸಿಕ್ರೆ ಸುಲಭ. 250 ಎಂಬಿ ಡ್ರೈವ್ ಆದ್ರೂ ನಿಮ್ಮ 100 ಎಂಬಿ ಡಿಸ್ಕ್ ಓದತ್ತೆ. ಮೊದಲು ನಿಮಗೆ ಬೇಡದ ಡಿಸ್ಕ್ ಒಂದನ್ನ ಹಾಕಿ ನೋಡಿ. ಕ್ಲಿಕ್ ಸದ್ದು ಬಂದ್ರೆ ತಕ್ಷಣ ತೆಗೀರಿ, ಅದೇ ಡ್ರೈವಿಗೆ ಇನ್ನೊಂದು ಡಿಸ್ಕ್ ಹಾಕ್ಬೇಡಿ, ಆ ಡಿಸ್ಕನ್ನ ಬೇರೆ ಡ್ರೈವಿಗೂ ಹಾಕ್ಬೇಡಿ, ಅಂಚು ಹರಿದ ಡಿಸ್ಕ್ ಒಳ್ಳೇ ಡ್ರೈವಿನ ಹೆಡ್ಡನ್ನೂ ಹಾಳು ಮಾಡತ್ತೆ. ಸರಿಯಾಗಿ ಓದಿದ್ದನ್ನೆಲ್ಲ ಅವತ್ತೇ ಎರಡು ಕಡೆ ಕಾಪಿ ಮಾಡಿ ಇಡಿ.