ಗುಬ್ಬಿ ವೀರಣ್ಣ ಹಾಡುಗಾರರೇ?

ಪ್ರಶ್ನೆ: ತುಮಕೂರಿನ ಕಲಾಕ್ಷೇತ್ರಕ್ಕೆ ಗುಬ್ಬಿ ವೀರಣ್ಣನವರ ಹೆಸರಿದೆ. ಅವರು ದೊಡ್ಡ ಗಾಯಕರಾಗಿದ್ದರಾ? – ಓದುಗರು, ತಿಪಟೂರು

ಉತ್ತರ: ಕಂಪನಿ ನಾಟಕ ಅಂದರೆ ಹಾಡೇ ಪ್ರಾಣ, ಹಾಗಾಗಿ ನಿಮ್ಮ ಪ್ರಶ್ನೆ ಸಹಜ. ಆದರೆ ವೀರಣ್ಣನವರು ಜನರ ಮನಸ್ಸು ಗೆದ್ದಿದ್ದು ಹಾಸ್ಯದಿಂದ. 'ಸದಾರಮೆ' ನಾಟಕದ ಕಳ್ಳನ ಪಾತ್ರ ಅಂದರೆ ಅವರೇ! ನಮ್ಮ ತಂದೆ ಹಳ್ಳಿ ನಾಟಕಗಳಿಗೆ ಲೆಗ್ ಹಾರ್ಮೋನಿಯಂ (ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ) ನುಡಿಸುತ್ತಿದ್ದರು. ಆ ಕಳ್ಳನ ನಡಿಗೆಯನ್ನು ಅಂಗಳದಲ್ಲಿ ಮಾಡಿ ತೋರಿಸುತ್ತಿದ್ದರು. ಅವರು ನಕ್ಕಷ್ಟು ನಾವೂ ನಗುತ್ತಿದ್ದೆವು.

ಹಾಡಿಗೆ ವೀರಣ್ಣನವರ ನಾಟಕ ಕಂಪನಿಯಲ್ಲಿ ಬೇರೆಯವರಿದ್ದರು. ವೀರಣ್ಣನವರ ಪತ್ನಿ ಬಿ. ಜಯಮ್ಮ ನಟಿಯೂ ಹೌದು, ಗಾಯಕಿಯೂ ಹೌದು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಹಾಡಬೇಕಿತ್ತು. ಜನ 'ಒನ್ಸ್ ಮೋರ್' ಅಂದರೆ ಅದೇ ಹಾಡನ್ನು ಮತ್ತೆ ಹಾಡಬೇಕು. ಅದು ಸುಮ್ನೆ ಬರುವ ಕಂಠ ಅಲ್ಲ.

ಕಂಪನಿ 1884ರಲ್ಲಿ ಗುಬ್ಬಿಯಲ್ಲಿ ಶುರುವಾಯಿತು. ವೀರಣ್ಣ ಹುಟ್ಟಿದ್ದು 1891ರಲ್ಲಿ. ಅಂದರೆ ಕಂಪನಿಯೇ ಅವರಿಗಿಂತ ಹಿರಿದು! ಬಾಲನಟರಾಗಿ ಸೇರಿದವರು ಮುಂದೆ ಅದರ ಮಾಲೀಕರಾದರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. 1972ರಲ್ಲಿ ತೀರಿಕೊಂಡರು.

ನಿಮ್ಮ ಮನೆಯಲ್ಲಿ ಆ ಕಂಪನಿಯ ನಾಟಕ ನೋಡಿದ ಹಿರಿಯರಿದ್ದರೆ ಇವತ್ತೇ ಕೂರಿಸಿ ಕೇಳಿ. ಹಾಡು ನೆನಪಿದ್ದರೆ ಹಾಡಿಸಿ, ಬರೆದಿಟ್ಟುಕೊಳ್ಳಿ.